ಒಂಟಿ ಡ್ರೈವರಿನ ಫುಲ್‌ರೇಂಜ್ ಸ್ಪೀಕರ್: ಕರಾವಳಿಯ ಮನೆಗೆ ಯಾವುದು ಹೊಂದುತ್ತದೆ?

ಕಾಸರಗೋಡು, ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಕನ್ನಡದ ಮನೆಗಳಲ್ಲಿ ಸ್ಪೀಕರಿನಿಂದ ಹೊರಡುವ ಸದ್ದಿನಲ್ಲಿ ಬಹುಪಾಲು ಮನುಷ್ಯ ಕಂಠದ್ದು. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಮಳೆಗಾಲದುದ್ದಕ್ಕೂ ತಾಳಮದ್ದಳೆಯ, ಅಂದರೆ ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನದ ಧ್ವನಿಮುದ್ರಣಗಳು, ಹಳೆಯ ಭಾಗವತರ (ಯಕ್ಷಗಾನದ ಹಾಡುಗಾರರ) ಪದಗಳು, ಬೆಳಗಿನ ಹೊತ್ತು ಕರ್ನಾಟಕ ಸಂಗೀತ, ನಡುನಡುವೆ ಆಕಾಶವಾಣಿಯ ವಾರ್ತೆ. ಇವೆಲ್ಲದರಲ್ಲೂ ಕೇಳುಗರಿಗೆ ಬೇಕಾದದ್ದು ಮಾತಿನ ಸ್ಪಷ್ಟತೆ ಮತ್ತು ಕಂಠದ ಸಹಜವಾದ ನಾದ. ಸ್ಪೀಕರಿನೊಳಗೆ ಸದ್ದು ಹುಟ್ಟಿಸುವ ಘಟಕವೇ ಡ್ರೈವರ್. ಒಂದೇ ಡ್ರೈವರ್ ಇಡೀ ಶ್ರವ್ಯ ವ್ಯಾಪ್ತಿಯನ್ನು ನುಡಿಸುವ ಫುಲ್‌ರೇಂಜ್ ಸ್ಪೀಕರುಗಳು ಈ ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತವೆ. ಆದರೆ ಅವುಗಳಲ್ಲಿಯೇ 3 ಇಂಚಿನಿಂದ 8 ಇಂಚಿನವರೆಗಿನ ಗಾತ್ರಗಳಿವೆ, ಕಾಗದ, ಲೋಹ, ಬಿದಿರಿನ ನಾರು ಮುಂತಾದವುಗಳ ಕೋನುಗಳಿವೆ (ಕೋನು ಎಂದರೆ ಅಲುಗಿ ಗಾಳಿಯನ್ನು ತಳ್ಳುವ ಶಂಕುವಿನಾಕಾರದ ಹಾಳೆ), ಐದಾರು ಬಗೆಯ ಪೆಟ್ಟಿಗೆಗಳಿವೆ. ಡ್ರೈವರಿನ ಹೆಸರನ್ನು ಹಿಡಿದು ಆಯ್ಕೆಯನ್ನು ಆರಂಭಿಸಿದವರು ಹೆಚ್ಚಾಗಿ ತಮ್ಮ ಮನೆಗೆ ಹೊಂದದ ಜೋಡಿಯನ್ನು ತರುತ್ತಾರೆ. ಏನನ್ನು ಕೇಳುತ್ತೇವೆ, ಯಾವ ಕೋಣೆಯಲ್ಲಿ ಕೇಳುತ್ತೇವೆ, ಆಂಪ್ಲಿಫಯರ್ ಯಾವುದು ಎಂಬ ಮೂರು ಪ್ರಶ್ನೆಗಳಿಗೆ ಮೊದಲು ಉತ್ತರ ಬರೆದುಕೊಂಡರೆ ಡ್ರೈವರಿನ ಗಾತ್ರ ತಾನಾಗಿಯೇ ನಿಶ್ಚಯವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಬರಹದ ಹೋಲಿಕೆಗಳೆಲ್ಲ ಆ ಕ್ರಮವನ್ನೇ ಅನುಸರಿಸುತ್ತವೆ.

ಏನು ಸಿಗುತ್ತದೆ, ಏನು ಹೋಗುತ್ತದೆ

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ಪೀಕರಿನಲ್ಲಿ ಕೆಳಗಿನ ಸ್ವರಗಳಿಗೆ ವೂಫರ್, ಮೇಲಿನವಕ್ಕೆ ಟ್ವೀಟರ್ ಇರುತ್ತದೆ. ಕಾಯಿಲ್ ಮತ್ತು ಕೆಪಾಸಿಟರುಗಳ ಕ್ರಾಸೋವರ್ ಇವೆರಡರ ನಡುವೆ ಕೆಲಸವನ್ನು ಹಂಚುತ್ತದೆ. ಈ ಹಂಚಿಕೆ ಬಹುಪಾಲು 2,000ದಿಂದ 3,000 ಹರ್ಟ್ಸ್ ಆಸುಪಾಸಿನಲ್ಲಿ ನಡೆಯುತ್ತದೆ. ನಮ್ಮ ಕಿವಿ ಅತ್ಯಂತ ಸೂಕ್ಷ್ಮವಾಗಿರುವುದೂ, ವ್ಯಂಜನಗಳ ಗುರುತು ಅಡಗಿರುವುದೂ ಅಲ್ಲಿಯೇ. ಕ್ರಾಸೋವರನ್ನು ಶ್ರದ್ಧೆಯಿಂದ ರೂಪಿಸಿದರೆ ಈ ಜೋಡಣೆ ಕಿವಿಗೆ ಗೊತ್ತಾಗದು. ಆದರೆ ಅಗ್ಗದ ಸ್ಪೀಕರುಗಳಲ್ಲಿ ಭಾಗವತರ ಕಂಠದ ಬುಡ ಒಂದು ಕಡೆಯಿಂದಲೂ ತುದಿ ಇನ್ನೊಂದು ಕಡೆಯಿಂದಲೂ ಬಂದಂತೆ ಕೇಳುವುದುಂಟು. ಒಂಟಿ ಡ್ರೈವರಿನಲ್ಲಿ ಈ ತೊಂದರೆಯೇ ಇಲ್ಲ. ಕಂಠವೆಲ್ಲ ಒಂದೇ ಬಿಂದುವಿನಿಂದ ಬರುತ್ತದೆ. ಸ್ಟೀರಿಯೋ ಧ್ವನಿಮುದ್ರಣದಲ್ಲಿ ಹಾಡುಗಾರರು ಎರಡು ಸ್ಪೀಕರುಗಳ ನಡುವೆ ಅಲುಗಾಡದೆ ಕುಳಿತಿರುವಂತೆ ಭಾಸವಾಗುವುದು ಈ ಕಾರಣದಿಂದಲೇ.

ಇದಕ್ಕೆ ಪ್ರತಿಯಾಗಿ ಬಿಟ್ಟುಕೊಡಬೇಕಾದದ್ದು ವ್ಯಾಪ್ತಿಯ ಎರಡು ತುದಿಗಳನ್ನು ಮತ್ತು ಸದ್ದಿನ ಗರಿಷ್ಠ ಮಟ್ಟವನ್ನು. ಸದ್ದಿನ ಮಟ್ಟ ಅಷ್ಟೇ ಇರಬೇಕಾದರೆ ಸ್ವರ ಒಂದು ಸ್ಥಾಯಿ ಕೆಳಗಿಳಿದಾಗ ಕೋನಿನ ಓಡಾಟ ನಾಲ್ಕು ಪಟ್ಟು ಹೆಚ್ಚಬೇಕು. 4 ಇಂಚಿನ ಡ್ರೈವರಿನಲ್ಲಿ ಗಾಳಿಯನ್ನು ತಳ್ಳುವ ಕೋನಿನ ವಿಸ್ತೀರ್ಣ ಸುಮಾರು 50 ಚದರ ಸೆಂಟಿಮೀಟರ್, 8 ಇಂಚಿನದರಲ್ಲಿ ಸುಮಾರು 210. ಅಂದರೆ ಅದೇ ಬಾಸ್ (ಕೆಳಗಿನ ಸ್ವರಗಳ ಸದ್ದು) ಬರಬೇಕಾದರೆ ಚಿಕ್ಕ ಕೋನು ದೊಡ್ಡದಕ್ಕಿಂತ ನಾಲ್ಕು ಪಟ್ಟು ದೂರ ಚಲಿಸಬೇಕು. ಹೀಗೆ ಚಲಿಸುತ್ತಿರುವ ಕೋನೇ ಅದೇ ಗಳಿಗೆಯಲ್ಲಿ ತಾಳದ ನಾದವನ್ನೂ ನುಡಿಸಬೇಕಾಗಿರುವುದರಿಂದ, ಬಾಸಿನ ಭಾರ ಹೆಚ್ಚಿದಷ್ಟೂ ಮೇಲಿನ ಸ್ವರಗಳು ಕಲುಷಿತವಾಗುತ್ತವೆ.

ಹಾಗಾದರೆ ಎಷ್ಟು ಬಾಸ್ ಸಾಕು? ಇದಕ್ಕೆ ಸಂಗೀತವೇ ಉತ್ತರ ಕೊಡುತ್ತದೆ. ಗಂಡಸರ ಮಾತಿನ ಮೂಲ ಸ್ವರ ಸಾಮಾನ್ಯವಾಗಿ 85ರಿಂದ 180 ಹರ್ಟ್ಸ್ ನಡುವೆ ಇರುತ್ತದೆ. ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ ಹಾಡುವ ಗಾಯಕರ ಮಧ್ಯ ಷಡ್ಜ ಸುಮಾರು 139 ಹರ್ಟ್ಸ್, ಅವರ ತಂಬೂರಿಯ ಮಂದ್ರ ತಂತಿ ಅದರ ಅರ್ಧ, ಅಂದರೆ ಸುಮಾರು 69. ಆದ್ದರಿಂದ ತಾಳಮದ್ದಳೆ, ಯಕ್ಷಗಾನದ ಪದ ಮತ್ತು ಕರ್ನಾಟಕ ಸಂಗೀತವೇ ಮುಖ್ಯವಾಗಿರುವ ಮನೆಯಲ್ಲಿ 65ರಿಂದ 70 ಹರ್ಟ್ಸ್‌ವರೆಗೆ ತಡವರಿಸದೆ ಇಳಿಯುವ ಸ್ಪೀಕರ್ ಇದ್ದರೆ ಕೊರತೆ ಕಾಣದು. ಸಿನಿಮಾದ ಸ್ಫೋಟಗಳು, ನೃತ್ಯದ ಹಾಡುಗಳ ವಿದ್ಯುನ್ಮಾನ ಬಾಸ್, ಅಥವಾ ಚೆಂಡೆಯನ್ನು ರಂಗಸ್ಥಳದ ಎದುರು ಕುಳಿತು ಕೇಳಿದಷ್ಟೇ ಜೋರಿನಲ್ಲಿ ಮನೆಯೊಳಗೆ ಕೇಳುವ ಆಸೆ ಇರುವವರು ಒಂಟಿ ಡ್ರೈವರನ್ನು ಆರಿಸಬಾರದು. ಅಂಥವರಿಗೆ ಎರಡು ಅಥವಾ ಮೂರು ಬಗೆಯ ಡ್ರೈವರುಗಳಿರುವ ಒಳ್ಳೆಯ ಟೂ-ವೇ ಅಥವಾ ತ್ರೀ-ವೇ ಸ್ಪೀಕರೇ ಸರಿ, ಈ ಬರಹದ ಉಳಿದ ಭಾಗದಿಂದ ಅವರಿಗೆ ಪ್ರಯೋಜನವಿಲ್ಲ.

4 ಇಂಚೋ, 8 ಇಂಚೋ

ಈ ಎರಡು ಗಾತ್ರಗಳ ನಡುವಿನ ವ್ಯತ್ಯಾಸ ಕೇವಲ ಹೆಚ್ಚು ಬಾಸ್, ಕಡಿಮೆ ಬಾಸ್ ಎಂಬುದಲ್ಲ. ಇವು ಎರಡು ಬೇರೆ ಬೇರೆ ಕೇಳ್ಮೆಯ ರೀತಿಗಳು.

ಧ್ವನಿಯ ತರಂಗದ ಉದ್ದ ಕೋನಿನ ವ್ಯಾಸದಷ್ಟೇ ಆದಾಗ ಸದ್ದು ಅಗಲವಾಗಿ ಹರಡದೆ ಟಾರ್ಚಿನ ಬೆಳಕಿನಂತೆ ಮುಂದಕ್ಕೆ ಕಿರಿದಾಗಿ ಸಾಗತೊಡಗುತ್ತದೆ. 4 ಇಂಚಿನ ಡ್ರೈವರಿನಲ್ಲಿ ನುಡಿಯುವ ಭಾಗದ ವ್ಯಾಸ ಸುಮಾರು 8 ಸೆಂಟಿಮೀಟರ್, ಹಾಗಾಗಿ ಅಲ್ಲಿ ಈ ಗಡಿ 4,200 ಹರ್ಟ್ಸ್ ಹತ್ತಿರ ಬರುತ್ತದೆ. 8 ಇಂಚಿನದರಲ್ಲಿ ಅದು 2,000 ಹರ್ಟ್ಸ್ ಹತ್ತಿರವೇ ಆರಂಭವಾಗುತ್ತದೆ. ತಾಳಮದ್ದಳೆಯ ಒಂದು ಸಂದರ್ಭವನ್ನು ತೆಗೆದುಕೊಳ್ಳೋಣ. ಭಾಗವತರು ಪದವನ್ನು ಮುಗಿಸಿದ್ದಾರೆ, ಮದ್ದಳೆಯ ಮುಕ್ತಾಯದ ಪೆಟ್ಟು ಇನ್ನೂ ಆರಿಲ್ಲ, ಪಾತ್ರದ ಮಾತನ್ನಾಡುವ ಅರ್ಥಧಾರಿ ಉಸಿರೆಳೆದುಕೊಂಡು ಮೆಲುದನಿಯಲ್ಲಿ ಮೊದಲ ವಾಕ್ಯವನ್ನು ಆರಂಭಿಸುತ್ತಾರೆ. ಆ ಉಸಿರು, ಸಕಾರ ಶಕಾರಗಳ ನಡುವಿನ ಭೇದ, ಮಹಾಪ್ರಾಣದ ಒತ್ತು ಇವೆಲ್ಲ ಇರುವುದು ಮೇಲಿನ ಆವರ್ತನಗಳಲ್ಲಿ. 8 ಇಂಚಿನ ಜೋಡಿಯ ನಟ್ಟನಡುವೆ ಕುಳಿತವರಿಗೆ ಇವೆಲ್ಲ ಕೈಗೆಟಕುವಂತೆ ಕೇಳುತ್ತವೆ, ಪಕ್ಕದ ಕುರ್ಚಿಯಲ್ಲಿರುವವರಿಗೆ ಅದೇ ಮಾತು ಮಂಕಾಗಿ, ಕಂಬಳಿಯ ಹಿಂದಿನಿಂದ ಬಂದಂತೆ ಕೇಳಬಹುದು. 4 ಇಂಚಿನ ಜೋಡಿಯಾದರೆ ಚಾವಡಿಯಲ್ಲಿ ಸಾಲಾಗಿ ಕುಳಿತ ನಾಲ್ಕೈದು ಮಂದಿಗೂ ಮಾತು ಹೆಚ್ಚುಕಡಿಮೆ ಒಂದೇ ತೆರನಾಗಿ ತಲುಪುತ್ತದೆ. ಮನೆಯವರೆಲ್ಲ ಕೂಡಿ ಕೇಳುವ ರೂಢಿ ಇದ್ದಲ್ಲಿ ಇದೊಂದೇ ಕಾರಣ ಆಯ್ಕೆಯನ್ನು ನಿರ್ಧರಿಸಲು ಸಾಕು.

ದೊಡ್ಡ ಕೋನು ಮೇಲಿನ ಸ್ವರಗಳನ್ನು ನುಡಿಸಲಾರದ ಕಾರಣ ಹಲವು 8 ಇಂಚಿನ ಡ್ರೈವರುಗಳಲ್ಲಿ ನಡುವೆ ಒಂದು ಪುಟ್ಟ ಕೋನನ್ನು ಅಂಟಿಸಿರುತ್ತಾರೆ. ಇದನ್ನು ವಿಝರ್ ಕೋನು ಎನ್ನುತ್ತಾರೆ. ಇಂಗ್ಲೆಂಡಿನ ಪಾಲ್ ವಾಯ್ಟ್ 1930ರ ದಶಕದಲ್ಲಿ ರೂಪಿಸಿದ ಈ ಜೋಡಿ ಕೋನಿನ ಕಲ್ಪನೆ ಲೌದರ್ ಡ್ರೈವರುಗಳ ಮೂಲಕ ಪ್ರಸಿದ್ಧಿಗೆ ಬಂತು, ಇಂದಿಗೂ ಜಪಾನಿನ ಫೋಸ್ಟೆಕ್ಸ್ ಸಂಸ್ಥೆಯ ದೊಡ್ಡ ಡ್ರೈವರುಗಳಲ್ಲಿ ಬಳಕೆಯಲ್ಲಿದೆ. ಇದರಿಂದ ಮಾತಿಗೆ, ತಂತಿಯ ಮೀಟಿಗೆ ಅಪೂರ್ವವಾದ ಜೀವಂತಿಕೆ ಬರುವುದು ಸತ್ಯ. ಆದರೆ ದೊಡ್ಡ ಕೋನಿನ ಕೆಲಸ ಮುಗಿದು ಚಿಕ್ಕದರ ಕೆಲಸ ಶುರುವಾಗುವ ಎಡೆಯಲ್ಲಿ, ಹೆಚ್ಚಾಗಿ 2,000ದಿಂದ 5,000 ಹರ್ಟ್ಸ್ ನಡುವೆ, ಸದ್ದು ಉಬ್ಬಿ ಕಿವಿಗೆ ಚುಚ್ಚುವುದುಂಟು. ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿಯ) ಹಿಮ್ಮೇಳಕ್ಕೆ ಇದು ಸೂಕ್ಷ್ಮವಾದ ಪರೀಕ್ಷೆ, ಏಕೆಂದರೆ ಜಾಗಟೆ, ಚಕ್ರತಾಳ ಮತ್ತು ಚೆಂಡೆಯ ಪೆಟ್ಟಿನ ಮೊನೆ ಇವೆಲ್ಲ ಅದೇ ಪ್ರದೇಶದಲ್ಲಿ ಬಲವಾಗಿರುತ್ತವೆ. ಸಂಗೀತ ಕೇಳುವಾಗ ಮೆಚ್ಚುಗೆಯಾದ 8 ಇಂಚಿನ ಸ್ಪೀಕರ್ ಯಕ್ಷಗಾನದ ಏರುಪದಕ್ಕೆ (ವೇಗದ, ಏರುದನಿಯ ಹಾಡಿಗೆ) ಬಂದಾಗ ವಾಲ್ಯೂಮನ್ನು ತಗ್ಗಿಸುವಂತೆ ಮಾಡಿದರೆ ಕಾರಣ ಇದೇ. ಕಾಯಿಲ್, ಕೆಪಾಸಿಟರ್ ಮತ್ತು ರೆಸಿಸ್ಟರುಗಳನ್ನು ಸಮಾನಾಂತರವಾಗಿ ಜೋಡಿಸಿ ಡ್ರೈವರಿಗೆ ಸರಣಿಯಲ್ಲಿ ಸೇರಿಸಿದರೆ ಈ ಉಬ್ಬನ್ನು ತಗ್ಗಿಸಬಹುದು. ಡ್ರೈವರಿನ ದಾರಿಯಲ್ಲಿ ಯಾವ ಬಿಡಿಭಾಗವೂ ಇರಬಾರದು ಎಂದು ಹಠ ಹಿಡಿಯುವವರಿದ್ದಾರೆ. ನಾನು ಆ ಪಕ್ಷದವನಲ್ಲ. ಕಿವಿಗೆ ಹಿತವಾಗುವುದಾದರೆ ಮೂರು ಬಿಡಿಭಾಗಗಳಿಂದ ಯಾವ ಶುದ್ಧತೆಯೂ ಕೆಡುವುದಿಲ್ಲ.

ಉಳಿದ ಗಾತ್ರಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 3 ಇಂಚಿನದು ಮೇಜಿನ ಮೇಲಿಟ್ಟು ಹತ್ತಿರದಿಂದ ಕೇಳಲು ಬಹಳ ಚೆಂದ, ಇಡೀ ಕೋಣೆಯನ್ನು ತುಂಬಲು ಅದಕ್ಕೆ ತ್ರಾಣವಿಲ್ಲ. 6 ಇಂಚಿನವು ಎರಡರ ನಡುವಣ ರಾಜಿ. ಮಾರ್ಕ್‌ಆಡಿಯೋದವರ ಲೋಹದ ಕೋನಿನ ಡ್ರೈವರುಗಳಂತೆ ವಿಝರ್ ಇಲ್ಲದೆಯೇ ಮೇಲಿನ ಸ್ವರಗಳನ್ನು ಮುಟ್ಟುವಂಥವನ್ನು ಆರಿಸಿದರೆ, ಒಬ್ಬಿಬ್ಬರೇ ಕೇಳುವ ಮನೆಗೆ ಈ ರಾಜಿ ಚೆನ್ನಾಗಿಯೇ ಒಪ್ಪುತ್ತದೆ.

ಪೆಟ್ಟಿಗೆ

ಡ್ರೈವರಿನ ವಿವರಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದ ಅಂಕಿ ಕ್ಯುಟಿಎಸ್. ಕೋನು ತನ್ನ ಸಹಜ ಕಂಪನವನ್ನು ಎಷ್ಟು ಬೇಗ ಹಿಡಿತಕ್ಕೆ ತಂದುಕೊಳ್ಳುತ್ತದೆ ಎಂಬುದರ ಅಳತೆ ಇದು. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಮಂಡಿಸಿ, 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಬೆಳೆಸಿದ ಲೆಕ್ಕಾಚಾರದಿಂದಾಗಿ ಇಂಥ ನಾಲ್ಕೈದು ಅಂಕಿಗಳಿದ್ದರೆ ಪೆಟ್ಟಿಗೆ ಹೇಗಿರಬೇಕೆಂದು ಮೊದಲೇ ಹೇಳಬಹುದು. ಸ್ಥೂಲವಾಗಿ ಹೇಳುವುದಾದರೆ, ಕ್ಯುಟಿಎಸ್ 0.2ರ ಆಸುಪಾಸಿನಲ್ಲಿದ್ದರೆ ಆ ಡ್ರೈವರ್ ಹಿಂಬದಿಯ ಹಾರ್ನ್ ಪೆಟ್ಟಿಗೆಯನ್ನು ಬೇಡುತ್ತದೆ, 0.3ರಿಂದ 0.4ರ ನಡುವೆ ಇದ್ದರೆ ಪೋರ್ಟ್ (ಗಾಳಿಯಾಡುವ ಕೊಳವೆಬಾಯಿ) ಇರುವ ಪೆಟ್ಟಿಗೆ, 0.5 ದಾಟಿದರೆ ಮುಚ್ಚಿದ ಪೆಟ್ಟಿಗೆ, 0.7ಕ್ಕಿಂತ ಮೇಲಿದ್ದರೆ ಹಿಂಬದಿ ತೆರೆದ ಹಲಗೆ ಹೊಂದುತ್ತದೆ.

ಇದನ್ನು ಗಮನಿಸದೆ ಪೆಟ್ಟಿಗೆ ಕಟ್ಟಿಸಿದರೆ ಏನಾಗುತ್ತದೆ ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಸಹಜ ಕಂಪನ 75 ಹರ್ಟ್ಸ್, ಕ್ಯುಟಿಎಸ್ 0.4, ಗಾಳಿಯ ಸಮಾನ ಗಾತ್ರ (ಕೋನಿನ ಹಿಡಿಕೆಯಷ್ಟೇ ಸ್ಪ್ರಿಂಗಿನಂತೆ ಒತ್ತುವ ಗಾಳಿಯ ಪ್ರಮಾಣ) 8 ಲೀಟರ್ ಇರುವ 4 ಇಂಚಿನ ಡ್ರೈವರನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಸಮತಲವಾದ ಬಾಸ್ ಬರುವಂತೆ ಕೂರಿಸಿದರೆ ಪೆಟ್ಟಿಗೆ 4 ಲೀಟರಿಗಿಂತ ಚಿಕ್ಕದಾಗುತ್ತದೆ, ಬಾಸ್ 130 ಹರ್ಟ್ಸ್ ಹತ್ತಿರವೇ ಇಳಿಯತೊಡಗುತ್ತದೆ. ನಮಗೆ ಬೇಕಾದ 70 ಹರ್ಟ್ಸ್ ಅಲ್ಲಿ ದೂರದ ಮಾತು. ಅದೇ ಡ್ರೈವರಿಗೆ ಪೋರ್ಟ್ ಇರುವ ದೊಡ್ಡ ಪೆಟ್ಟಿಗೆಯನ್ನೋ ಕ್ವಾರ್ಟರ್ ವೇವ್ ಕೊಳವೆಯನ್ನೋ ಕೊಟ್ಟರೆ ಗುರಿ ಕೈಗೆಟಕುತ್ತದೆ.

ಕ್ವಾರ್ಟರ್ ವೇವ್ ಕೊಳವೆ ಎಂದರೆ ಒಂದು ತುದಿ ಮುಚ್ಚಿ ಇನ್ನೊಂದು ತುದಿ ತೆರೆದ ಉದ್ದನೆಯ ಪೆಟ್ಟಿಗೆ. ಕೊಳವೆಯ ಉದ್ದ ಯಾವ ಸ್ವರದ ತರಂಗದ ಕಾಲುಭಾಗಕ್ಕೆ ಸಮವೋ ಆ ಸ್ವರಕ್ಕೆ ಅದು ಬಲ ಕೊಡುತ್ತದೆ. 50 ಹರ್ಟ್ಸ್‌ಗೆ 1.7 ಮೀಟರ್ ಬೇಕು, ಅದನ್ನು ಒಳಗೇ ಮಡಿಸಿ ಅಥವಾ ತೆರೆದ ತುದಿಯನ್ನು ಕಿರಿದು ಮಾಡಿ ಸುಮಾರು ಒಂದು ಮೀಟರ್ ಎತ್ತರದ ಕಂಬದಂಥ ಪೆಟ್ಟಿಗೆಗೆ ಇಳಿಸಬಹುದು. ಡ್ರೈವರ್ ಕುಳಿತವರ ಕಿವಿಯ ಎತ್ತರಕ್ಕೇ ಬರುವುದರಿಂದ ಬೇರೆ ಸ್ಟ್ಯಾಂಡ್ ಬೇಡ, ನೆಲದ ಮೇಲೆ ಹಿಡಿಯುವ ಜಾಗವೂ ಅಲ್ಪ. 4ರಿಂದ 5 ಇಂಚಿನ ಡ್ರೈವರಿಗೆ ಇದಕ್ಕಿಂತ ಒಳ್ಳೆಯ ಮನೆ ಇಲ್ಲವೆಂದೇ ನಾನು ತಿಳಿದಿದ್ದೇನೆ.

8 ಇಂಚಿನ ಡ್ರೈವರಿನ ಹಿಂಬದಿಯ ಹಾರ್ನ್ ಬೇರೆಯೇ ಸಂಗತಿ. ಫೋಸ್ಟೆಕ್ಸ್‌ನ ಎಫ್‌ಇ206ಇಎನ್‌ನಂಥ ಡ್ರೈವರಿನ ಕ್ಯುಟಿಎಸ್ 0.2ರ ಹತ್ತಿರವಿದ್ದು, ಸಾಧಾರಣ ಪೆಟ್ಟಿಗೆಯಲ್ಲಿ ಅದು ಬಾಸ್ ಕೊಡದೆ ಬರಿದೆ ಕೂಗುತ್ತದೆ. ಒಳಗೆ ಎರಡೂವರೆ ಮೂರು ಮೀಟರ್ ಉದ್ದದ, ಕ್ರಮೇಣ ಅಗಲವಾಗುವ ದಾರಿಯಲ್ಲಿ ಕೋನಿನ ಹಿಂದಿನ ಸದ್ದನ್ನು ಹಾಯಿಸಿ ಹೊರಬಿಟ್ಟಾಗಲೇ ಅದರ ಕಂಠಕ್ಕೆ ಬುಡ ಸಿಗುತ್ತದೆ. ಮೂರು ಮೀಟರ್ ದಾರಿ ಕ್ರಮಿಸಿ ಬರುವ ಬಾಸ್ ಉಳಿದ ಸದ್ದಿಗಿಂತ ಸುಮಾರು 9 ಮಿಲಿಸೆಕೆಂಡ್ ತಡವಾಗಿರುತ್ತದೆ. ಮದ್ದಳೆಯ ಎಡದ ಪೆಟ್ಟು ಸ್ವಲ್ಪ ಎಳೆದಂತೆ ಕೇಳುವುದಕ್ಕೆ ಇದೂ ಒಂದು ಕಾರಣ. 8 ಅಡಿಗೆ 4 ಅಡಿಯ ಪ್ಲೈವುಡ್ ಹಾಳೆಗಳು ಇಂಥ ಜೋಡಿಗೆ ಒಂದೆರಡರಲ್ಲಿ ಮುಗಿಯುವುದಿಲ್ಲ, ಒಳಗಿನ ಓರೆ ಗೋಡೆಗಳನ್ನು ಗಾಳಿ ಸೋರದಂತೆ ಕೂಡಿಸಬಲ್ಲ ನುರಿತ ಆಚಾರಿಯೂ ಬೇಕು. ತೆರೆದ ಹಲಗೆಯ ಸ್ಪೀಕರಿಗೆ ಖರ್ಚು ಅತ್ಯಲ್ಪ, ನಾದವೂ ಬಿಚ್ಚಿಕೊಂಡಂತಿರುತ್ತದೆ, ಆದರೆ ಅದನ್ನು ಗೋಡೆಯಿಂದ ಒಂದು ಮೀಟರಾದರೂ ಮುಂದಿಡಬೇಕು, ಮತ್ತು ನಮ್ಮ ಹವೆಯಲ್ಲಿ ಡ್ರೈವರಿನ ಬೆನ್ನು ತೆರೆದಿಡುವುದು ಹಲ್ಲಿ, ಜೇಡ, ತೇವಗಳಿಗೆ ಬಾಗಿಲು ತೆರೆದಿಟ್ಟಂತೆಯೇ.

ಕೋಣೆ ಮತ್ತು ಗೋಡೆ

ಫುಲ್‌ರೇಂಜ್ ಸ್ಪೀಕರುಗಳ ಬಾಸ್ ತೆಳುವಾಯಿತೆಂಬ ದೂರಿಗೆ ಬಹುಪಾಲು ಡ್ರೈವರ್ ಕಾರಣವಾಗಿರುವುದಿಲ್ಲ. ಮೇಲಿನ ಸ್ವರಗಳು ಪೆಟ್ಟಿಗೆಯ ಮುಂಬದಿಯ ಹಲಗೆಗೆ ತಾಗಿ ಮುಂದಕ್ಕೇ ಬರುತ್ತವೆ, ಕೆಳಗಿನ ಸ್ವರಗಳು ಹಲಗೆಯನ್ನು ಬಳಸಿ ಹಿಂದಕ್ಕೂ ಹರಡುತ್ತವೆ. ಇದರಿಂದ ಕೆಳಗಿನ ಸ್ವರಗಳು 6 ಡೆಸಿಬೆಲ್‌ವರೆಗೆ ತಗ್ಗಬಹುದು. ಈ ಇಳಿತದ ನಡುಬಿಂದು ಎಲ್ಲಿ ಬರುತ್ತದೆಂದು ತಿಳಿಯಲು 115ನ್ನು ಮೀಟರಿನಲ್ಲಿ ಅಳೆದ ಹಲಗೆಯ ಅಗಲದಿಂದ ಭಾಗಿಸಿದರೆ ಸಾಕು. 20 ಸೆಂಟಿಮೀಟರ್ ಅಗಲದ ಪೆಟ್ಟಿಗೆಯಲ್ಲಿ ಅದು 575 ಹರ್ಟ್ಸ್, ಅಂದರೆ ಕಂಠದ ನಟ್ಟನಡುವೆ. ಟೂ-ವೇ ಸ್ಪೀಕರಿನಲ್ಲಿ ಕ್ರಾಸೋವರ್ ಇದನ್ನು ಸರಿದೂಗಿಸುತ್ತದೆ, ಒಂಟಿ ಡ್ರೈವರಿನಲ್ಲಿ ಅದನ್ನು ನಾವೇ ನೋಡಿಕೊಳ್ಳಬೇಕು. ಅದಕ್ಕೆ ಮೂರು ಮಾರ್ಗಗಳಿವೆ: ಗೋಡೆಗೆ ಹತ್ತಿರ ಇಡುವುದು, ಒಂದು ಕಾಯಿಲ್ ಮತ್ತು ರೆಸಿಸ್ಟರನ್ನು ಜೊತೆಯಾಗಿ ದಾರಿಯಲ್ಲಿ ಸೇರಿಸುವುದು, ಅಥವಾ ಕಂಪ್ಯೂಟರಿನಿಂದಲೋ ಫೋನಿನಿಂದಲೋ ಹಾಡಿಸುವವರು ಅಲ್ಲಿನ ಈಕ್ವಲೈಸರಿನಲ್ಲೇ ತಿದ್ದುವುದು. ಕೊನೆಯದಕ್ಕೆ ಖರ್ಚಿಲ್ಲ, ಇಷ್ಟ ಬಂದಂತೆ ಬದಲಾಯಿಸಿ ನೋಡಬಹುದು, ಆದ್ದರಿಂದ ಮೊದಲು ಅದನ್ನೇ ಪ್ರಯತ್ನಿಸಿ.

ಗೋಡೆಯ ವಿಷಯದಲ್ಲಿ ಇಲ್ಲಿನ ಹಳೆಯ ಮನೆಗಳು ಅದೃಷ್ಟವಂತವು. ಮುರಕಲ್ಲಿನ ದಪ್ಪ ಗೋಡೆ ಬಾಸನ್ನು ಹೀರಿಕೊಳ್ಳದೆ ಹಿಂದಿರುಗಿಸುತ್ತದೆ, ಮೇಲಿನ ಮರದ ಮುಚ್ಚಿಗೆ ಸದ್ದು ಮಾರ್ದನಿಸದಂತೆ ಸ್ವಲ್ಪ ತಡೆಯುತ್ತದೆ. ಇಂಥ ಕೋಣೆಯಲ್ಲಿ 4 ಇಂಚಿನ ಕಂಬದ ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಅಡಿ ಮುಂದೆ ಇಟ್ಟರೆ ಬೇರೆ ತಿದ್ದುಪಡಿ ಬೇಕಾಗದೆಯೂ ಹೋಗಬಹುದು. ಹೊಸ ಕಾಂಕ್ರೀಟು ಮನೆಗಳಲ್ಲಿ ನಯವಾದ ಟೈಲ್ಸ್ ನೆಲ, ಖಾಲಿ ಗೋಡೆ, ತಗ್ಗಿನ ತಾರಸಿ ಇರುವುದರಿಂದ ಮಾತು ಮಾರ್ದನಿಯಲ್ಲಿ ಕಲಸಿಹೋಗುತ್ತದೆ. ಅಲ್ಲಿ 8 ಇಂಚಿನ ಸ್ಪೀಕರಿನ ದೋಷವೆಂದು ಹೇಳಿದ ಕಿರಿದಾದ ಹರಡುವಿಕೆಯೇ ಗುಣವಾಗುತ್ತದೆ, ಏಕೆಂದರೆ ಪಕ್ಕದ ಗೋಡೆಗಳಿಗೆ ತಾಗುವ ಸದ್ದು ಕಡಿಮೆಯಾಗಿ ನೇರವಾಗಿ ಕಿವಿಗೆ ಬರುವುದು ಹೆಚ್ಚುತ್ತದೆ. ಒಬ್ಬರೇ ಕುಳಿತು ಕೇಳುವವರು ಇದನ್ನು ಗಣನೆಗೆ ತೆಗೆದುಕೊಳ್ಳಬೇಕು. ಉಳಿದವರು ಅಂಥ ಕೋಣೆಯಲ್ಲಿ ನೆಲಕ್ಕೆ ದಪ್ಪನೆಯ ಜಮಖಾನ, ಕಿಟಕಿಗೆ ಪರದೆ ಹಾಕಿ, ಪುಸ್ತಕದ ಕಪಾಟನ್ನು ಎದುರಿನ ಗೋಡೆಗೆ ಸರಿಸಿದ ಮೇಲೆ ಚಿಕ್ಕ ಡ್ರೈವರನ್ನೇ ಆರಿಸುವುದು ಒಳ್ಳೆಯದು.

ಆಂಪ್ಲಿಫಯರ್ ಮತ್ತು ಮಳೆಯ ಸದ್ದು

ಒಂದು ವಾಟ್ ಶಕ್ತಿಗೆ ಒಂದು ಮೀಟರ್ ದೂರದಲ್ಲಿ ಎಷ್ಟು ಸದ್ದು ಬರುತ್ತದೆ ಎಂಬುದು ಡ್ರೈವರಿನ ಸೂಕ್ಷ್ಮತೆ. 4 ಇಂಚಿನವುಗಳಲ್ಲಿ ಇದು ಸಾಮಾನ್ಯವಾಗಿ 85ರಿಂದ 89 ಡೆಸಿಬೆಲ್, ಎಫ್‌ಇ206ಇಎನ್‌ನಂಥ 8 ಇಂಚಿನದರಲ್ಲಿ 96. ಅಂಕಿ ನೋಡಿದರೆ ಅಂತರ ಅಲ್ಪ ಎನಿಸುತ್ತದೆ, ಆದರೆ ಪ್ರತಿ 3 ಡೆಸಿಬೆಲ್‌ಗೆ ಶಕ್ತಿ ಇಮ್ಮಡಿಯಾಗಬೇಕು. 87 ಡೆಸಿಬೆಲ್‌ನ ಡ್ರೈವರಿಗೆ 96ರದ್ದಕ್ಕಿಂತ ಎಂಟು ಪಟ್ಟು ಶಕ್ತಿ ಬೇಕು.

ನಿಜವಾದ ಅಗತ್ಯ ಎಷ್ಟೆಂದು ಲೆಕ್ಕ ಹಾಕಿ ನೋಡೋಣ. ಮೂರು ಮೀಟರ್ ದೂರದಲ್ಲಿ ಕುಳಿತು ಸರಾಸರಿ 75 ಡೆಸಿಬೆಲ್‌ನಲ್ಲಿ ಕೇಳುತ್ತಿದ್ದೇವೆ ಎಂದುಕೊಳ್ಳಿ, ಇದು ಮನೆಯಲ್ಲಿ ಧಾರಾಳವಾದ ಮಟ್ಟ. ತಾಳವಾದ್ಯಗಳ ಪೆಟ್ಟು ಸರಾಸರಿಗಿಂತ 20 ಡೆಸಿಬೆಲ್ ಮೇಲೇಳಬಹುದು, ಅಂದರೆ ಗಳಿಗೆಯೊಂದಕ್ಕೆ 95. ದೂರದಿಂದಾಗುವ ನಷ್ಟ, ಎರಡು ಸ್ಪೀಕರುಗಳು ಮತ್ತು ಕೋಣೆ ಸೇರಿ ಕೊಡುವ ಲಾಭ ಎಲ್ಲವನ್ನೂ ಕೂಡಿ ಕಳೆದರೆ 87 ಡೆಸಿಬೆಲ್‌ನ ಜೋಡಿಗೆ ಪ್ರತಿ ಕಡೆಗೆ 12 ವಾಟ್ ಹತ್ತಿರ ಬೇಕಾಗುತ್ತದೆ, 96ರ ಜೋಡಿಗೆ ಒಂದೂವರೆ ವಾಟ್ ಸಾಕು. ಇದಕ್ಕೆ ಇಲ್ಲಿನ ಮಳೆಗಾಲವನ್ನು ಸೇರಿಸಬೇಕು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಹಂಚಿನ ಮಾಡಿನ ಮೇಲೆ ಬೀಳುವ ಮಳೆಯ ಮೊರೆತ ಎಲ್ಲ ಆವರ್ತನಗಳನ್ನೂ ಒಳಗೊಂಡಿರುತ್ತದೆ, ಅರ್ಥಧಾರಿಯ ಮೆಲುಮಾತು ಅದರಲ್ಲಿ ಮುಳುಗಬಾರದೆಂದರೆ ಸದ್ದನ್ನು ಏರಿಸಲೇಬೇಕು. 6 ಡೆಸಿಬೆಲ್ ಏರಿಸಿದರೂ 12 ವಾಟ್ ಸುಮಾರು 50 ಆಗುತ್ತದೆ, ಚಿಕ್ಕ ಡ್ರೈವರಿನ ಸಾಮರ್ಥ್ಯದ ಅಂಚನ್ನೇ ಮುಟ್ಟುತ್ತದೆ. ಹಂಚಿನ ಮನೆಯ ದೊಡ್ಡ ಚಾವಡಿಯಲ್ಲಿ ಮಳೆಗಾಲದಲ್ಲೇ ಹೆಚ್ಚು ಕೇಳುವವರು 8 ಇಂಚಿನದರತ್ತ ವಾಲುವುದಕ್ಕೆ ಇದು ನಿಜವಾದ ಕಾರಣ, ನಾನದನ್ನು ಒಪ್ಪುತ್ತೇನೆ. ಸದ್ದು ತಡೆಯುವ ಕಾಂಕ್ರೀಟು ತಾರಸಿಯ ಕೆಳಗೆ ಈ ವಾದಕ್ಕೆ ಬಲವಿಲ್ಲ.

ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವುಗಳ ಆಂಪ್ಲಿಫಯರ್ ಇರುವವರಿಗೆ ಆಯ್ಕೆ ಬಹಳ ಸುಲಭ. 2ಎ3 ವಾಲ್ವಿನ ಸಿಂಗಲ್ ಎಂಡೆಡ್ (ಪ್ರತಿ ಕಡೆಗೆ ಒಂದೇ ಪವರ್ ವಾಲ್ವಿನ) ಆಂಪ್ ಕೊಡುವುದು ಸುಮಾರು ಮೂರೂವರೆ ವಾಟ್, 300ಬಿ ಕೊಡುವುದು ಸುಮಾರು 8. ಇವುಗಳಿಗೆ ಹೆಚ್ಚು ಸೂಕ್ಷ್ಮತೆಯ ದೊಡ್ಡ ಡ್ರೈವರೇ ಜೊತೆ. ಇಂಥ ಆಂಪುಗಳ ಹೊರಹರಿವಿನ ಪ್ರತಿರೋಧ ಹೆಚ್ಚಿರುವುದರಿಂದ ಕೋನಿನ ಮೇಲಿನ ಹಿಡಿತ ಸಡಿಲಾಗಿ, ಕ್ಯುಟಿಎಸ್ ತೀರ ಕಡಿಮೆ ಇರುವ ಡ್ರೈವರಿಗೆ ಬಾಸ್ ಕೊಂಚ ತುಂಬಿಕೊಳ್ಳುತ್ತದೆ. ಅದೇ ಆಂಪನ್ನು ಕ್ಯುಟಿಎಸ್ 0.5 ಇರುವ ಚಿಕ್ಕ ಡ್ರೈವರಿಗೆ ಜೋಡಿಸಿದರೆ ಬಾಸ್ ಗುಂಯ್ಗುಡುತ್ತದೆ. ಹೊಸದಾಗಿ ಕೊಳ್ಳುವವರು ವಾಲ್ವಿನ ಮೋಹಕ್ಕೆ ಬೀಳಬೇಕಾಗಿಲ್ಲ. ಟಿಪಿಎ3116 ಚಿಪ್ಪಿನ ಪುಟ್ಟ ಕ್ಲಾಸ್ ಡಿ ಆಂಪು ಕೂಡ ಒಳ್ಳೆಯ ಪವರ್ ಸಪ್ಲೈ ಸಿಕ್ಕರೆ 4 ಇಂಚಿನ ಜೋಡಿಯನ್ನು ಸರಾಗವಾಗಿ ನುಡಿಸುತ್ತದೆ, ಬೇಸಿಗೆಯಲ್ಲಿ ಕೋಣೆಯನ್ನು ಬಿಸಿ ಮಾಡುವುದೂ ಇಲ್ಲ.

ಚಿಕ್ಕ ಡ್ರೈವರನ್ನು ಆರಿಸಿ, ಮುಂದೆ ಬಾಸ್ ಸಾಲದು ಎನಿಸಿದರೆ ಬಾಸಿಗೆಂದೇ ಇರುವ ಸಬ್‌ವೂಫರ್ ಸೇರಿಸಬಹುದು. ಆಗ 100 ಹರ್ಟ್ಸ್ ಕೆಳಗಿನ ಸ್ವರಗಳು ಚಿಕ್ಕ ಡ್ರೈವರಿಗೆ ಹೋಗದಂತೆ ತಡೆಯುವುದು ಮುಖ್ಯ. ಭಾರ ಇಳಿದ ಡ್ರೈವರ್ ಹೆಚ್ಚು ಜೋರಾಗಿಯೂ ತಿಳಿಯಾಗಿಯೂ ನುಡಿಯುತ್ತದೆ, ಕ್ರಾಸೋವರ್ ಕಂಠದ ಪ್ರದೇಶಕ್ಕಿಂತ ಎಷ್ಟೋ ಕೆಳಗೆ ಉಳಿಯುವುದರಿಂದ ಒಂಟಿ ಡ್ರೈವರಿನ ಗುಣಕ್ಕೂ ಧಕ್ಕೆಯಿಲ್ಲ. 4 ಇಂಚಿನ ಆಯ್ಕೆಗೆ ಹೀಗೆ ಮುಂದೆ ಬೆಳೆಯುವ ಅವಕಾಶವಿದೆ, 8 ಇಂಚಿನ ಹಾರ್ನಿಗೆ ಅದು ಇಷ್ಟು ಸುಲಭವಲ್ಲ.

ತೇವ, ಬೂಷ್ಟು, ಗೆದ್ದಲು

ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ, ಕಡಲಿನ ಉಪ್ಪುಗಾಳಿ ಬೀಸುವ ಊರಿನಲ್ಲಿ ಈ ವಿಷಯವನ್ನು ಅಡಿಟಿಪ್ಪಣಿಗೆ ತಳ್ಳುವಂತಿಲ್ಲ. ಕೋನಿನ ಸುತ್ತಲಿನ ಅಂಚು ಫೋಮಿನದ್ದಾಗಿದ್ದರೆ ಬಿಸಿ ಮತ್ತು ತೇವಕ್ಕೆ ಕೆಲವೇ ವರ್ಷಗಳಲ್ಲಿ ಪುಡಿಯಾಗಿ ಉದುರುತ್ತದೆ, ಆದ್ದರಿಂದ ನಮ್ಮಲ್ಲಿ ರಬ್ಬರಿನ ಅಥವಾ ಲೇಪ ಹಚ್ಚಿದ ಬಟ್ಟೆಯ ಅಂಚನ್ನಷ್ಟೇ ಆರಿಸಬೇಕು. ಕಾಗದದ ಕೋನು ಮಾತಿಗೆ ಅತ್ಯಂತ ಸಹಜವಾದ ನಾದ ಕೊಡುತ್ತದೆ, ಆದರೆ ಲೇಪವಿಲ್ಲದಿದ್ದರೆ ತೇವ ಹೀರಿ ಭಾರವಾಗುತ್ತದೆ, ತಿಂಗಳುಗಟ್ಟಲೆ ನುಡಿಸದೆ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಲೋಹದ ಕೋನಿಗೆ ಈ ಭಯವಿಲ್ಲ. ಅದರ ತೊಂದರೆ ಬೇರೆ: ಮೇಲಿನ ಸ್ವರಗಳ ತುದಿಯಲ್ಲಿ ಅದು ತನ್ನದೇ ನಾದವನ್ನು ಸೇರಿಸುತ್ತದೆ, ಹಳೆಯ ಕ್ಯಾಸೆಟ್ಟುಗಳಿಂದ ಇಳಿಸಿದ ಧ್ವನಿಮುದ್ರಣಗಳ ಹಿಸ್ಸೆನ್ನುವ ಸದ್ದನ್ನು ಎತ್ತಿ ತೋರಿಸುತ್ತದೆ. ಹಳೆಯ ತಾಳಮದ್ದಳೆಗಳನ್ನೇ ಹೆಚ್ಚಾಗಿ ಕೇಳುವವರಿಗೆ ನಾನು ಲೇಪವಿರುವ ಕಾಗದದ ಕೋನನ್ನೇ ಸೂಚಿಸುತ್ತೇನೆ. ದಿನವೂ ಸ್ವಲ್ಪ ಹೊತ್ತು ನುಡಿಸುತ್ತಿರುವುದು ಒಳ್ಳೆಯದು.

ಪೆಟ್ಟಿಗೆಗೆ ಪಾರ್ಟಿಕಲ್ ಬೋರ್ಡ್ ಬೇಡವೇ ಬೇಡ. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಅಂಚಿನಿಂದ ನೀರು ಕುಡಿದು ಉಬ್ಬುತ್ತದೆ. ಐಎಸ್ 710 ಗುರುತಿನ 18 ಮಿಲಿಮೀಟರಿನ ಮೆರೈನ್ ಪ್ಲೈವುಡ್‌ಗೆ ಬೆಲೆ ಹೆಚ್ಚಾದರೂ ಕರಾವಳಿಗೆ ಅದೇ ಸರಿ. ಹಲಸಿನ ಮರ ನಮ್ಮಲ್ಲಿ ಸಿಗುತ್ತದೆ, ಮದ್ದಳೆಯ ಕಳಸಿಗೆಗೂ (ಮರದ ಒಡಲಿಗೂ) ಅದನ್ನು ಬಳಸುತ್ತಾರೆ ಎಂಬುದರಿಂದ ಕೆಲವರು ಇಡೀ ಪೆಟ್ಟಿಗೆಯನ್ನು ಅದರಲ್ಲೇ ಮಾಡಿಸಲು ಬಯಸುತ್ತಾರೆ. ಇಡಿ ಮರ ಮಳೆಗೆ ಹಿಗ್ಗಿ ಬೇಸಿಗೆಗೆ ಕುಗ್ಗುವುದರಿಂದ ಕೂಡುಗಳು ಬಿಡುತ್ತವೆ, ಗಾಳಿ ಸೋರುತ್ತದೆ. ಅದನ್ನು ಕಾಲುಗಳಿಗೆ, ಅಂಚುಪಟ್ಟಿಗೆ ಬಳಸಿ. ಪೆಟ್ಟಿಗೆಯನ್ನು ನೆಲದಿಂದ ಒಂದೆರಡು ಇಂಚು ಎತ್ತರದಲ್ಲಿ ನಿಲ್ಲಿಸಿದರೆ ಗೆದ್ದಲು ಹತ್ತಿದ್ದು ಬೇಗ ಕಣ್ಣಿಗೆ ಬೀಳುತ್ತದೆ.

ಕೊಳ್ಳುವ ಮುನ್ನ

ವಿವರಪಟ್ಟಿಯಲ್ಲಿ 60ರಿಂದ 20,000 ಹರ್ಟ್ಸ್ ಎಂದು ಬರೆದು, ಎಷ್ಟು ಡೆಸಿಬೆಲ್ ಏರಿಳಿತದೊಳಗೆ ಎಂದು ಹೇಳದಿದ್ದರೆ ಆ ಸಾಲಿಗೆ ಬೆಲೆಯಿಲ್ಲ. ಆವರ್ತನದ ನಕ್ಷೆಯನ್ನು ನೋಡಿ, ಅದರಲ್ಲೂ ನೇರಕ್ಕೆ ಮಾತ್ರವಲ್ಲದೆ 30 ಡಿಗ್ರಿ ಬದಿಯಿಂದ ಅಳೆದದ್ದನ್ನು ನೋಡಿ. ಕೋನು ಎಷ್ಟು ಮಿಲಿಮೀಟರ್ ಚಲಿಸಬಲ್ಲದು ಎಂಬ ಎಕ್ಸ್‌ಮ್ಯಾಕ್ಸ್ ಅಂಕಿಯನ್ನು ಹೋಲಿಸಿ. 1960ರ ದಶಕದಿಂದ ಹೆಸರಾದ ಫೋಸ್ಟೆಕ್ಸ್ ಎಫ್‌ಇ103 ಸರಣಿಯ ಡ್ರೈವರುಗಳ ಕೋನು ಒಂದು ಮಿಲಿಮೀಟರೂ ಚಲಿಸದು, ಮಾತಿನಲ್ಲಿ ಅವು ಅತಿ ಚುರುಕು, ಬಾಸಿನಲ್ಲಿ ಬೇಗ ಸುಸ್ತಾಗುತ್ತವೆ. ಮಾರ್ಕ್‌ಆಡಿಯೋದವರ ಅದೇ ಗಾತ್ರದ ಡ್ರೈವರುಗಳು ಇದರ ಹಲವು ಪಟ್ಟು ಚಲಿಸುತ್ತವೆ, ಆದರೆ ಸೂಕ್ಷ್ಮತೆಯಲ್ಲಿ ಎರಡು ಮೂರು ಡೆಸಿಬೆಲ್ ಹಿಂದೆ. ಸಬ್‌ವೂಫರ್ ಸೇರಿಸುವ ಯೋಚನೆ ಇದ್ದರೆ ಮೊದಲನೆಯದು, ಇಲ್ಲದಿದ್ದರೆ ಎರಡನೆಯದು.

ಸಾಧ್ಯವಾದರೆ ಕೊಳ್ಳುವ ಮುಂಚೆ ನಿಮ್ಮ ಮನೆಯಲ್ಲೇ ಕೇಳಿ. ನಿಮಗೆ ಬಾಯಿಪಾಠವಾದ ಒಂದು ತಾಳಮದ್ದಳೆಯ ಸಂವಾದ, ಏರುಪದವೊಂದು, ತಂಬೂರಿ ಸ್ಪಷ್ಟವಾಗಿ ಕೇಳುವ ಒಂದು ಆಲಾಪನೆ, ಇಷ್ಟು ಸಾಕು. ಹೊಸ ಡ್ರೈವರಿನ ಅಂಚು ಬಿಗಿಯಾಗಿರುವುದರಿಂದ ಮೊದಮೊದಲು ಬಾಸ್ ಕೊಂಚ ಕಡಿಮೆ ಎನಿಸಬಹುದು, ಕೆಲವು ದಿನ ಮಿತವಾದ ಸದ್ದಿನಲ್ಲಿ ನುಡಿಸಿದ ಮೇಲೆಯೇ ತೀರ್ಮಾನಕ್ಕೆ ಬನ್ನಿ.

ಆಚಾರಿಗೆ ಪೆಟ್ಟಿಗೆಯ ಅಳತೆ ಕೊಡುವಾಗ ಒಂದು ಮಾತನ್ನು ತಪ್ಪದೆ ಹೇಳಿ. ಡ್ರೈವರ್ ಕೂರುವ ಮುಂಬದಿಯ ತುಂಡನ್ನು ಅಂಟಿಸದೆ, ತೆಳುವಾದ ರಬ್ಬರ್ ಪಟ್ಟಿಯನ್ನು ಕೊಟ್ಟು ಸ್ಕ್ರೂಗಳಿಂದ ಬಿಗಿಯುವಂತೆ ಬೇರೆಯಾಗಿಯೇ ಮಾಡಿಸಬೇಕು. ತಯಾರಕರು ಮಾದರಿಗಳನ್ನು ಬದಲಾಯಿಸುತ್ತಲೇ ಇರುತ್ತಾರೆ, ಹೊಸದರ ಚೌಕಟ್ಟಿನ ವ್ಯಾಸವೂ ಸ್ಕ್ರೂ ತೂತುಗಳೂ ಹಳೆಯದಕ್ಕೆ ಹೊಂದುವುದಿಲ್ಲ. ಮುಂಬದಿ ಕಳಚುವಂತಿದ್ದರೆ ಆ ಒಂದು ತುಂಡನ್ನು ಮಾತ್ರ ಹೊಸದಾಗಿ ಕೊರೆಸಿ, ಕ್ಯುಟಿಎಸ್ ಮತ್ತು ಗಾತ್ರ ಹತ್ತಿರವಿರುವ ಬೇರೆ ಡ್ರೈವರನ್ನು ಅದೇ ಪೆಟ್ಟಿಗೆಯಲ್ಲಿ ಕೂರಿಸಬಹುದು.